ಮುದ್ರೆಯುಂಗುರದ ಕೋಶ: ದೊಡ್ಡ ಕರುಳಿನ ಒಂದು ವಿರಳ ಅರ್ಬುದ

ರೋಣ, ನರಗುಂದ, ಗಜೇಂದ್ರಗಡಗಳ ಸೀಮೆಯಲ್ಲಿ ಮಲದೊಡನೆ ರಕ್ತ ಬಿದ್ದರೆ ಅದಕ್ಕಿರುವ ಹೆಸರು ಒಂದೇ: ಮೂಲವ್ಯಾಧಿ. ರೋಗಿಯು ಆ ಹೆಸರನ್ನು ತಾನೇ ನಿಶ್ಚಯಿಸಿಕೊಂಡು ವೈದ್ಯರ ಬಾಗಿಲಿಗೆ ಹೋಗುತ್ತಾನೆ. ಮನೆಯ ಹಿರಿಯರು ಅದನ್ನು ಅನುಮೋದಿಸುತ್ತಾರೆ. ಔಷಧದಂಗಡಿಯವರು ಆ ಹೆಸರಿಗೆ ಒಪ್ಪುವ ಮುಲಾಮನ್ನೂ ಗುಳಿಗೆಯನ್ನೂ ಕೊಡುತ್ತಾರೆ. ನಾಲ್ಕು ದಿನ ಮೆಣಸಿನಕಾಯಿಯ ಚಟ್ನಿಯನ್ನು ಬಿಟ್ಟು ಮಜ್ಜಿಗೆ ಕುಡಿದಾಗ ರಕ್ತ ನಿಂತರೆ ಹೆಸರು ಸ್ಥಿರವಾಯಿತು. ನಿಲ್ಲದಿದ್ದರೆ ದೇಹದ ಉಷ್ಣ ಹೆಚ್ಚಾಯಿತೆಂಬ ಇನ್ನೊಂದು ಸಮಾಧಾನ ಸಿದ್ಧವಾಗಿರುತ್ತದೆ. ಬಹುಪಾಲು ಸಂದರ್ಭಗಳಲ್ಲಿ ಈ ಕ್ರಮದಿಂದ ಹಾನಿಯೇನೂ ಆಗದು, ಏಕೆಂದರೆ ಬಹುಪಾಲು ಸಂದರ್ಭಗಳಲ್ಲಿ ಅದು ನಿಜವಾಗಿಯೂ ಮೂಲವ್ಯಾಧಿಯೇ. ಆದರೆ ನೋಡುವುದಕ್ಕೆ ಮೊದಲೇ ಹೆಸರಿಡುವ ಈ ಅಭ್ಯಾಸದ ಮರೆಯಲ್ಲಿ ಒಂದು ಘೋರ ವ್ಯಾಧಿ ತಿಂಗಳುಗಟ್ಟಲೆ ಅಡಗಿರಬಲ್ಲುದು. ಅದರಲ್ಲಿಯೂ ಇಪ್ಪತ್ತು, ಮೂವತ್ತು, ನಾಲ್ವತ್ತರ ಹರೆಯದವರಲ್ಲಿ ಅಡಗಿರಬಲ್ಲುದು. ಆ ವ್ಯಾಧಿಯ ಸ್ವರೂಪವನ್ನೂ ಅದನ್ನು ಕಂಡುಹಿಡಿಯುವ ಬಗೆಯನ್ನೂ ಇಂದಿನ ಚಿಕಿತ್ಸೆಯನ್ನೂ ವಿವರಿಸುವುದು ಈ ಲೇಖನದ ಉದ್ದೇಶ.

ಕ್ಯಾನ್ಸರಿಗೆ ಸಂಸ್ಕೃತದ ವೈದ್ಯಗ್ರಂಥಗಳು ಕೊಟ್ಟ ಹೆಸರು ಅರ್ಬುದ. ಸುಶ್ರುತಸಂಹಿತೆಯ ನಿದಾನಸ್ಥಾನದಲ್ಲಿ ಗ್ರಂಥಿ, ಅಪಚಿ, ಗಲಗಂಡಗಳ ಜೊತೆಯಲ್ಲಿಯೇ ಅರ್ಬುದದ ವಿಚಾರ ಬಂದಿದೆ. ಅದು ಇತರ ಬಾವುಗಳಂತೆ ಪಕ್ವವಾಗಿ ಕೀವಾಗುವುದಿಲ್ಲ. ಒಂದರ ಮೇಲೊಂದು ಹುಟ್ಟಿದರೆ ಅಧ್ಯರ್ಬುದ, ಎರಡು ಒಟ್ಟಿಗೆ ತೋರಿದರೆ ದ್ವಿರರ್ಬುದ, ಅವು ಅಸಾಧ್ಯ ಎಂಬ ವಿಭಾಗವನ್ನು ಅಲ್ಲಿ ಕಾಣಬಹುದು. ಗ್ರೀಕರ ಹಿಪೊಕ್ರೇಟಿಸನ ಪರಂಪರೆ ಇದೇ ವ್ಯಾಧಿಯನ್ನು ಏಡಿಗೆ ಹೋಲಿಸಿತು. ಕ್ಯಾನ್ಸರ್ ಎಂಬ ಮಾತಿನ ಅರ್ಥವೂ ಏಡಿ ಎಂದೇ. ಕನ್ನಡದ ವೈದ್ಯ ಲೇಖಕರು ‘ಏಡಿಗಂತಿ’ ಎಂಬ ಅಚ್ಚಗನ್ನಡದ ಪದವನ್ನು ರೂಢಿಗೆ ತರಲು ಯತ್ನಿಸಿದರು; ಪದ ಚೆನ್ನಾಗಿದ್ದರೂ ಜನ ಅದನ್ನು ಎತ್ತಿಕೊಳ್ಳಲಿಲ್ಲ. ಗಂತಿ ಎಂದೊಡನೆ ಕೈಗೆ ಸಿಕ್ಕುವ ಗಡ್ಡೆಯ ಕಲ್ಪನೆ ಬರುತ್ತದೆ. ಇಲ್ಲಿ ಹೇಳಲಿರುವ ಅರ್ಬುದಕ್ಕೆ ಬಹಳ ಕಾಲ ಗಡ್ಡೆಯೇ ಇರುವುದಿಲ್ಲ ಎಂಬುದೇ ಅದರ ವೈಲಕ್ಷಣ್ಯ.

ಮನುಷ್ಯನ ದೊಡ್ಡ ಕರುಳು ಸುಮಾರು ಐದು ಅಡಿ ಉದ್ದದ ಕೊಳವೆ. ಹೊಟ್ಟೆಯ ಕೆಳಗೆ ಬಲಮೂಲೆಯಲ್ಲಿ ಆರಂಭವಾಗಿ, ಮೇಲೇರಿ, ಅಡ್ಡಲಾಗಿ ಎಡಕ್ಕೆ ಸಾಗಿ, ಕೆಳಗಿಳಿದು ಗುದನಾಳವನ್ನು ಸೇರುತ್ತದೆ. ಅದರ ಒಳಮೈಯನ್ನು ಹೊದ್ದಿರುವ ತೆಳುವಾದ ಪೊರೆಯಲ್ಲಿ ಅಸಂಖ್ಯಾತ ಕೋಶಗಳು ಲೋಳೆಯನ್ನು ಸ್ರವಿಸುತ್ತವೆ. ಪಾನಪಾತ್ರೆಯ ಆಕಾರದಲ್ಲಿರುವುದರಿಂದ ಇವುಗಳಿಗೆ ಚಷಕಕೋಶಗಳೆನ್ನಬಹುದು. ಚಷಕದ ಬಾಯಿ ಕರುಳಿನ ಒಳಗಿನ ಪೊಳ್ಳಿಗೆ ತೆರೆದಿರುತ್ತದೆ. ತುಂಬಿದ ಲೋಳೆ ಹೊರಗೆ ಸುರಿದು ಕರುಳಿನ ಗೋಡೆಯನ್ನು ಕಾಪಾಡುತ್ತದೆ, ಮಲ ಸುಗಮವಾಗಿ ಜಾರುವಂತೆ ಮಾಡುತ್ತದೆ.

ಸಾಮಾನ್ಯವಾದ ಕರುಳಿನ ಕ್ಯಾನ್ಸರಿನಲ್ಲಿ ಈ ಪೊರೆಯ ಕೋಶಗಳು ಕ್ರಮ ತಪ್ಪಿ ಬೆಳೆದರೂ ಗ್ರಂಥಿಯ ಹಳೆಯ ಆಕಾರವನ್ನು ಸ್ವಲ್ಪಮಟ್ಟಿಗೆ ಉಳಿಸಿಕೊಂಡು ಒಂದಕ್ಕೊಂದು ಅಂಟಿಕೊಂಡಿರುತ್ತವೆ. ಮೊದಲು ಒಂದು ಮೊಟಕು ಮೊಳಕೆ, ಆಮೇಲೆ ಹೂಕೋಸಿನಂಥ ಬೆಳವಣಿಗೆ, ಅನಂತರ ಹುಣ್ಣು ಎಂಬ ಮೆಟ್ಟಿಲುಗಳನ್ನು ಏರಲು ಅದಕ್ಕೆ ವರ್ಷಗಳೇ ಬೇಕು. ಮುದ್ರೆಯುಂಗುರದ ಅರ್ಬುದದಲ್ಲಿ ಹಾಗಲ್ಲ. ಹೊರಗೆ ಸುರಿಯಬೇಕಾದ ಲೋಳೆ ಕೋಶದ ಒಳಗೇ ತುಂಬಿಕೊಳ್ಳುತ್ತದೆ. ಕೋಶ ಉಬ್ಬಿ ದುಂಡಾಗುತ್ತದೆ. ನಡುವೆ ಇರಬೇಕಾದ ಕೋಶಕೇಂದ್ರವು ಲೋಳೆಯ ಒತ್ತಡಕ್ಕೆ ಸಿಕ್ಕಿ ಒಂದು ಬದಿಗೆ ಸರಿದು ಚಪ್ಪಟೆಯಾಗುತ್ತದೆ. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ತೆಳುವಾದ ಬಳೆಯೊಂದರ ಅಂಚಿನಲ್ಲಿ ಕಪ್ಪು ಹರಳನ್ನು ಕೂರಿಸಿದಂತೆ ಕಾಣುತ್ತದೆ. ಅರಸರು ಅರಗಿನ ಮೇಲೆ ಒತ್ತುತ್ತಿದ್ದ ಮುದ್ರೆಯುಂಗುರದ ನೆನಪಾಗಿ ಪಾಶ್ಚಾತ್ಯ ವಿಜ್ಞಾನಿಗಳು ಈ ಹೆಸರನ್ನಿಟ್ಟರು. ಗಡ್ಡೆಯ ಕೋಶಗಳಲ್ಲಿ ಅರ್ಧಕ್ಕಿಂತ ಹೆಚ್ಚು ಹೀಗಿದ್ದರೆ ಮಾತ್ರ ರೋಗಕ್ಕೆ ಈ ಹೆಸರು ಸಲ್ಲಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯ ವರ್ಗೀಕರಣ ಹೇಳುತ್ತದೆ. ಶಾಕುಂತಲವನ್ನು ಪಾಠ ಹೇಳಿದ ಅಧ್ಯಾಪಕರಿಗೆ ಮೀನಿನ ಹೊಟ್ಟೆಯಿಂದ ಬಂದ ಉಂಗುರ ಇಲ್ಲಿ ನೆನಪಾದರೆ ಆಶ್ಚರ್ಯವಿಲ್ಲ. ಇಲ್ಲಿಯೂ ಗುರುತು ಸಿಕ್ಕುವುದು ಉಂಗುರದಿಂದ, ಅದು ಸಿಕ್ಕುವುದು ಹೊಟ್ಟೆಯೊಳಗಿನಿಂದ, ಸಿಕ್ಕುವ ಹೊತ್ತಿಗೆ ತಡವಾಗಿರುವುದೂ ಅಷ್ಟೇ ನಿಜ.

ಈ ಕೋಶಗಳ ಇನ್ನೊಂದು ದುರ್ಗುಣ ಒಂಟಿತನ. ನೆರೆಯ ಕೋಶಗಳನ್ನು ಹಿಡಿದು ನಿಲ್ಲಿಸುವ ‘ಇ-ಕ್ಯಾಡ್‌ಹೆರಿನ್’ ಎಂಬ ಅಂಟುಪದಾರ್ಥ ಇವುಗಳಲ್ಲಿ ಕುಂದಿರುತ್ತದೆ. ಹಾಗಾಗಿ ಗುಂಪು ಕಟ್ಟಿ ಗಡ್ಡೆಯಾಗುವ ಬದಲು ಒಂದೊಂದಾಗಿ ಕರುಳಿನ ಗೋಡೆಯೊಳಗೆ ನುಸುಳಿಕೊಂಡು ಹೋಗುತ್ತವೆ. ಒಳಮೈ ಮೇಲ್ನೋಟಕ್ಕೆ ಸರಿಯಾಗಿರುವಂತೆಯೇ ತೋರುತ್ತಿರುತ್ತದೆ. ಗೋಡೆ ಮಾತ್ರ ದಪ್ಪವಾಗಿ, ಬಿರುಸಾಗಿ, ಹಿಗ್ಗುವ ಗುಣವನ್ನು ಕಳೆದುಕೊಳ್ಳುತ್ತದೆ. ಹಿಂದೆ ಎಣ್ಣೆ ತುಂಬಿಡುತ್ತಿದ್ದ ತೊಗಲಿನ ಬುದ್ದಲಿಯನ್ನು ಕಂಡವರಿಗೆ ಈ ಸ್ಥಿತಿಯನ್ನು ಬೇರೆ ವಿವರಿಸಬೇಕಾಗಿಲ್ಲ. ಜಠರದಲ್ಲಿ ಬರುವ ಇಂಥ ಕ್ಯಾನ್ಸರನ್ನು ಇಂಗ್ಲಿಷ್ ವೈದ್ಯರು ತೊಗಲಿನ ಸೀಸೆಗೇ ಹೋಲಿಸಿದ್ದಾರೆ. ದೊಡ್ಡ ಕರುಳಿನಲ್ಲಿಯೇ ಹುಟ್ಟಿದ ಈ ಬಗೆಯನ್ನು ಮೊದಲು ಸ್ಪಷ್ಟವಾಗಿ ವರ್ಣಿಸಿದವರು ಅಮೇರಿಕದ ಲಾಫ್‌ಮನ್ ಮತ್ತು ಸಫೀರ್. ಅವರ ಬರೆಹ ಪ್ರಕಟವಾದದ್ದು ೧೯೫೧ರಲ್ಲಿ.

ಲೋಕದಲ್ಲಿ ಇದು ವಿರಳ. ದೊಡ್ಡ ಕರುಳು ಮತ್ತು ಗುದನಾಳದ ಕ್ಯಾನ್ಸರುಗಳು ೨೦೨೨ರಲ್ಲಿ ಜಗತ್ತಿನಲ್ಲಿ ಸುಮಾರು ೧೯ ಲಕ್ಷ ಜನರಲ್ಲಿ ಹೊಸದಾಗಿ ಕಂಡುಬಂದವೆಂದು ಅಂದಾಜಿದೆ. ಪಾಶ್ಚಾತ್ಯ ದೇಶಗಳ ಲೆಕ್ಕದಲ್ಲಿ ಅಂಥ ನೂರು ರೋಗಿಗಳಲ್ಲಿ ಮುದ್ರೆಯುಂಗುರದ ಬಗೆಯವರು ಸುಮಾರಾಗಿ ಒಬ್ಬರು. ಭಾರತದಲ್ಲಿ ಕರುಳಿನ ಕ್ಯಾನ್ಸರೇ ಕಡಿಮೆ ಎಂಬುದು ಸಮಾಧಾನದ ಮಾತು. ಆದರೆ ಬಂದವರಲ್ಲಿ ಈ ವಿರಳ ಬಗೆಯ ಪಾಲು ಇಲ್ಲಿ ಹೆಚ್ಚು. ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಯ ವೈದ್ಯರು ೨೦೧೩–೧೪ರ ಅವಧಿಯಲ್ಲಿ ತಮ್ಮಲ್ಲಿಗೆ ಬಂದ ೮೦೦ ಮಂದಿ ಕರುಳಿನ ಕ್ಯಾನ್ಸರ್ ರೋಗಿಗಳನ್ನು ಪರಿಶೀಲಿಸಿ ೨೦೧೭ರಲ್ಲಿ ಪ್ರಕಟಿಸಿದ ವರದಿಯಲ್ಲಿ ನೂರಕ್ಕೆ ಸುಮಾರು ೧೩ ಜನರಿಗೆ ಮುದ್ರೆಯುಂಗುರದ ಬಗೆಯಿತ್ತು. ರೋಗಿಗಳ ಮಧ್ಯಮ ವಯಸ್ಸು ಐವತ್ತನ್ನು ಮುಟ್ಟಿರಲಿಲ್ಲ. ದೊಡ್ಡ ಆಸ್ಪತ್ರೆಗೆ ಕಠಿಣ ರೋಗಿಗಳೇ ಹೆಚ್ಚು ಬರುವರೆಂಬುದನ್ನು ಗಣನೆಗೆ ತೆಗೆದುಕೊಂಡರೂ ಈ ಅಂತರ ಸಣ್ಣದಲ್ಲ. ಇದಕ್ಕೆ ಕಾರಣ ಇನ್ನೂ ಬಗೆಹರಿದಿಲ್ಲ. ಮಾಂಸಾಹಾರ, ಮದ್ಯ, ತಂಬಾಕು, ಬೊಜ್ಜು ಇವು ಕರುಳಿನ ಸಾಮಾನ್ಯ ಕ್ಯಾನ್ಸರಿಗೆ ಸಹಾಯಕವೆಂದು ಸಿದ್ಧವಾಗಿದೆ. ಸಂಸ್ಕರಿಸಿದ ಮಾಂಸವನ್ನು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ೨೦೧೫ರಲ್ಲಿ ಕ್ಯಾನ್ಸರ್‌ಕಾರಕಗಳ ಮೊದಲ ಪಂಕ್ತಿಗೆ ಸೇರಿಸಿತು. ಜೋಳದ ರೊಟ್ಟಿ, ಕಾಳುಪಲ್ಯ, ಹಸಿ ಸೊಪ್ಪು ತಿನ್ನುವ ಈ ನಾಡಿನ ಊಟದಲ್ಲಿ ನಾರಿನ ಅಂಶ ಧಾರಾಳ, ಅದು ಹಿತವೂ ಹೌದು. ಅಷ್ಟರಿಂದಲೇ ‘ಶಾಕಾಹಾರಿಗೆ, ಹರೆಯದವನಿಗೆ ಇದು ಬಾರದು’ ಎಂದು ನಂಬುವುದು ಸರ್ವಥಾ ಸಲ್ಲದು. ಆ ನಂಬಿಕೆಯಿಂದ ರೋಗಿಯೂ ಕೆಲವೊಮ್ಮೆ ವೈದ್ಯರೂ ಮೋಸಹೋಗುತ್ತಾರೆ.

ಮೋಸಹೋಗುವ ಬಗೆಯನ್ನು ಊಹಿಸುವುದು ಕಷ್ಟವಲ್ಲ. ನರಗುಂದದ ಕಡೆಯ ಹಳ್ಳಿಯೊಂದರಲ್ಲಿ ಮೂವತ್ತರ ಆಜುಬಾಜಿನ ಒಕ್ಕಲಮಗನೊಬ್ಬನಿಗೆ ಹೊಟ್ಟೆ ಕಟ್ಟುವುದು, ಬಿಡುವುದು ಆರಂಭವಾಯಿತೆಂದು ತಿಳಿಯೋಣ. ಆಗಾಗ ರಕ್ತ, ಲೋಳೆ. ಮೊದಲನೆಯ ತಿಂಗಳು ಮೂಲವ್ಯಾಧಿಯ ಮುಲಾಮು. ಎರಡನೆಯ ತಿಂಗಳು ಆಮಶಂಕೆಯ ಗುಳಿಗೆ. ಲೋಳೆ ಬಿದ್ದರೆ ಆಮಶಂಕೆ ಎಂಬುದು ಈ ನಾಡಿನ ಇನ್ನೊಂದು ಸಿದ್ಧ ಹೆಸರು. ಮೂರನೆಯ ತಿಂಗಳಿಗೆ ತೂಕ ಇಳಿದಾಗ ಕ್ಷಯದ ಸಂಶಯ. ಕರುಳಿನ ಕ್ಷಯ ಭಾರತದಲ್ಲಿ ಸಾಮಾನ್ಯ. ಸಣ್ಣ ಕರುಳು ದೊಡ್ಡ ಕರುಳನ್ನು ಕೂಡುವ ಬಲಮೂಲೆಯಲ್ಲಿ ಗೋಡೆ ದಪ್ಪವಾದದ್ದನ್ನು ಸ್ಕ್ಯಾನಿನಲ್ಲಿ ಕಂಡ ವೈದ್ಯರು ಕ್ಷಯವನ್ನು ನೆನೆಯುವುದು ತಪ್ಪೇನೂ ಅಲ್ಲ. ಅಂಗಾಂಶವನ್ನು ಪರೀಕ್ಷಿಸದೆ ಕ್ಷಯದ ಔಷಧವನ್ನು ತಿಂಗಳುಗಟ್ಟಲೆ ನಡೆಸುವುದು ಮಾತ್ರ ತಪ್ಪು. ಬಲಬದಿಯ ಕರುಳಿನ ರೋಗದಲ್ಲಿ ರಕ್ತ ಕಣ್ಣಿಗೆ ಬೀಳುವುದೂ ಇಲ್ಲ. ಒಳಗೊಳಗೇ ಸೋರಿ, ಕಾರಣ ತಿಳಿಯದ ರಕ್ತಹೀನತೆಯಾಗಿ ತೋರುತ್ತದೆ. ಹೆಣ್ಣುಮಕ್ಕಳಲ್ಲಾದರೆ ಅದನ್ನು ಮುಟ್ಟಿನ ಲೆಕ್ಕಕ್ಕೆ ಸೇರಿಸಿ ಕಬ್ಬಿಣದ ಗುಳಿಗೆ ಕೊಟ್ಟು ಕಳುಹಿಸುವುದು ವಾಡಿಕೆ. ಕಡೆಗೆ ಒಂದು ದಿನ ಕರುಳು ಪೂರ್ತಿ ಕಟ್ಟಿಕೊಂಡು, ಹೊಟ್ಟೆ ಉಬ್ಬಿ, ರಾತ್ರಿಯ ಹೊತ್ತು ಗದಗಿಗೋ ಹುಬ್ಬಳ್ಳಿಗೋ ವಾಹನ ಮಾಡಿಕೊಂಡು ಓಡಬೇಕಾಗುತ್ತದೆ. ಅಮೇರಿಕದ ಬಹು ದೊಡ್ಡ ಸಂಖ್ಯೆಯ ರೋಗಿಗಳ ದಾಖಲೆಗಳಲ್ಲಿ ಈ ಬಗೆಯವರ ಪೈಕಿ ಸುಮಾರು ಐವರಲ್ಲಿ ನಾಲ್ವರು ಮೂರನೆಯ ಅಥವಾ ನಾಲ್ಕನೆಯ ಹಂತದಲ್ಲಿಯೇ ಪತ್ತೆಯಾಗಿದ್ದಾರೆ. ಸಾಧನಸಂಪತ್ತಿಯುಳ್ಳ ನಾಡಿನ ಸ್ಥಿತಿಯೇ ಹೀಗಿದ್ದಾಗ ಇಲ್ಲಿಯದನ್ನು ಹೇಳಬೇಕಾಗಿಲ್ಲ.

ಹಾಗಾದರೆ ನೋಡುವುದೆಂದರೆ ಹೇಗೆ? ಮೊದಲನೆಯ ಪರೀಕ್ಷೆಗೆ ಯಂತ್ರವೇ ಬೇಡ. ಕೈಗವಸು ತೊಟ್ಟ ವೈದ್ಯರ ಬೆರಳು ಗುದನಾಳದ ಕೆಳಭಾಗದ ರೋಗವನ್ನು ನಿಮಿಷದೊಳಗೆ ಮುಟ್ಟಿ ತಿಳಿಯಬಲ್ಲುದು. ನಾಚಿಕೆಯಿಂದ ರೋಗಿ ಒಲ್ಲೆನೆನ್ನುತ್ತಾನೆ, ಅವಸರದಿಂದ ವೈದ್ಯರು ಬಿಟ್ಟುಬಿಡುತ್ತಾರೆ. ಖರ್ಚಿಲ್ಲದ ಪರೀಕ್ಷೆಗೆ ಲೋಕದಲ್ಲಿ ಬೆಲೆ ಕಡಿಮೆ. ಎರಡನೆಯದು ಕೊಲೊನೊಸ್ಕೋಪಿ, ಎಂದರೆ ದೀಪವೂ ಕಣ್ಣೂ ಉಳ್ಳ ಬಳುಕುವ ನಳಿಕೆಯನ್ನು ಗುದದ್ವಾರದಿಂದ ಸೇರಿಸಿ ದೊಡ್ಡ ಕರುಳಿನ ಆದ್ಯಂತವನ್ನು ನೋಡುವುದು. ನ್ಯೂಯಾರ್ಕಿನ ವುಲ್ಫ್ ಮತ್ತು ಜಪಾನಿನಿಂದ ಹೋಗಿ ಅಲ್ಲಿ ನೆಲೆಸಿದ ಶಿನ್ಯಾ ಎಂಬ ವೈದ್ಯರು ೧೯೬೯ರಲ್ಲಿ ಇದನ್ನು ಬಳಕೆಗೆ ತಂದರು. ಹಿಂದಿನ ದಿನ ಔಷಧ ಕುಡಿದು ಕರುಳನ್ನು ಖಾಲಿ ಮಾಡಿಕೊಳ್ಳುವುದೇ ಇದರಲ್ಲಿಯ ದೊಡ್ಡ ತ್ರಾಸು. ಪರೀಕ್ಷೆಯ ಕಾಲಕ್ಕೆ ಮಂಪರಿನ ಔಷಧ ಕೊಡುವುದರಿಂದ ನೋವು ಅಷ್ಟಾಗಿ ತಿಳಿಯುವುದಿಲ್ಲ.

ನಳಿಕೆಯ ಮೂಲಕವೇ ಅಂಗಾಂಶದ ಚೂರುಗಳನ್ನು ಚಿವುಟಿ ತೆಗೆಯುತ್ತಾರೆ. ಇದಕ್ಕೆ ಬಯಾಪ್ಸಿ ಎಂದು ಹೆಸರು. ಈ ಅರ್ಬುದದಲ್ಲಿ ಎಚ್ಚರಿಕೆ ಬೇಕಾದದ್ದು ಇಲ್ಲಿಯೇ. ರೋಗ ಒಳಪೊರೆಯ ಅಡಿಯಲ್ಲಿ ಹಬ್ಬಿರುವುದರಿಂದ ಮೇಲುಮೇಲಿನ ಚೂರಿನಲ್ಲಿ ಏನೂ ಕಾಣದೆ ಹೋಗಬಹುದು. ‘ಬಯಾಪ್ಸಿಯಲ್ಲಿ ಕ್ಯಾನ್ಸರ್ ಇಲ್ಲ’ ಎಂಬ ಒಂದೇ ಕಾಗದವನ್ನು ಹಿಡಿದು ಮನೆಗೆ ಬಂದವರು ಮುಂದೆ ಪಶ್ಚಾತ್ತಾಪ ಪಡಬೇಕಾದೀತು. ಕರುಳಿನ ಗೋಡೆ ದಪ್ಪವಾಗಿದ್ದು, ಕೊಳವೆ ಇಕ್ಕಟ್ಟಾಗಿದ್ದು, ರೋಗಿ ಕೃಶವಾಗುತ್ತಿದ್ದರೆ ಆಳವಾಗಿ, ಹಲವು ಕಡೆ, ಮತ್ತೊಮ್ಮೆ ಚೂರು ತೆಗೆಯುವುದು ನ್ಯಾಯ. ಹಾಗೆ ಕೇಳುವುದರಿಂದ ವೈದ್ಯರಿಗೆ ಅವಮಾನವಾಗುವುದಿಲ್ಲ.

ಪ್ರಯೋಗಶಾಲೆಯಲ್ಲಿ ಚೂರನ್ನು ಮೇಣದಲ್ಲಿ ಕೂರಿಸಿ, ಕೂದಲಿಗಿಂತ ತೆಳುವಾಗಿ ಸೀಳಿ, ಬಣ್ಣ ಹಾಕಿ ನೋಡುತ್ತಾರೆ. ಲೋಳೆಯನ್ನು ತೋರಿಸುವ ಹಳೆಯ ಬಣ್ಣಗಳಲ್ಲಿ ಒಂದರ ಹೆಸರು ಮ್ಯೂಸಿಕಾರ್ಮಿನ್. ಅದು ಕೋಶದೊಳಗಿನ ಲೋಳೆಯನ್ನು ಕೆಂಪಾಗಿಸುತ್ತದೆ. ಕಾರ್ಮಿನ್ ಎಂಬ ಈ ಕೆಂಪು ಒಂದು ಜಾತಿಯ ಹುಳುವಿನಿಂದ ಬಂದದ್ದು. ಆ ಪದದ ಮೂಲವನ್ನು ಅರಬ್ಬಿಯ ‘ಕಿರ್ಮಿಜ್’ ಮೂಲಕ ಸಂಸ್ಕೃತದ ‘ಕೃಮಿಜ’ಕ್ಕೆ ಒಯ್ಯುತ್ತಾರೆಂಬುದು ಭಾಷಾಪ್ರಿಯರಿಗೆ ಸಂತೋಷದ ಸಂಗತಿ. ಉಂಗುರದ ಕೋಶಗಳು ಕಂಡೊಡನೆ ವೈದ್ಯರು ಇನ್ನೊಂದು ಪ್ರಶ್ನೆಯನ್ನು ಕೇಳಿಕೊಳ್ಳಬೇಕಾಗುತ್ತದೆ: ಇದು ಕರುಳಿನಲ್ಲಿಯೇ ಹುಟ್ಟಿದ್ದೋ, ಜಠರದಿಂದ ಬಂದದ್ದೋ? ಮುದ್ರೆಯುಂಗುರದ ಕೋಶಗಳಿಗೆ ಜಠರವೇ ಹೆಚ್ಚಿನ ತವರು. ಅಲ್ಲಿಂದ ಹೊರಟು ಕರುಳಿನಲ್ಲಿ ಬೀಡುಬಿಟ್ಟಿರುವುದುಂಟು. ಸ್ತನದ ಒಂದು ಬಗೆಯ ಕ್ಯಾನ್ಸರೂ ಹೀಗೆ ಬರಬಲ್ಲುದು. ಆದ್ದರಿಂದ ಬಾಯಿಯಿಂದ ನಳಿಕೆ ಇಳಿಸಿ ಜಠರವನ್ನು ನೋಡುವುದು ತಪ್ಪದ ಕ್ರಮ. ಅದನ್ನು ‘ಮತ್ತೊಂದು ಬಿಲ್ಲು’ ಎಂದು ಬಗೆಯಬಾರದು. ಎರಡು ರೋಗಗಳ ಚಿಕಿತ್ಸೆಯೇ ಬೇರೆ.

ಆಮೇಲೆ ಎದೆ, ಹೊಟ್ಟೆಗಳ ಸಿ.ಟಿ. ಸ್ಕ್ಯಾನು; ಗುದನಾಳದ ರೋಗವಾದರೆ ಎಂ.ಆರ್.ಐ. ಸಾಮಾನ್ಯ ಕರುಳಿನ ಕ್ಯಾನ್ಸರ್ ಯಕೃತ್ತಿನ ಕಡೆಗೆ ಹೆಚ್ಚು ಒಲಿದರೆ ಇದು ದುಗ್ಧಗ್ರಂಥಿಗಳಿಗೂ ಹೊಟ್ಟೆಯ ಒಳಗಿನ ಉದರಾವರಣಕ್ಕೂ ಹಬ್ಬುತ್ತದೆ. ಉದರಾವರಣಕ್ಕೆ ಹಬ್ಬಿದಾಗ ನೀರು ತುಂಬಿ ಜಲೋದರದಂತೆ ಕಾಣುವುದುಂಟು. ಹೆಂಗಸರಲ್ಲಿ ಅಂಡಾಶಯಗಳಿಗೆ ಇಳಿದು ಅಲ್ಲಿಯ ಗಡ್ಡೆಯಾಗಿ ಮೊದಲು ತೋರುವುದೂ ಉಂಟು; ಜರ್ಮನಿಯ ಕ್ರೂಕೆನ್‌ಬರ್ಗ್ ೧೮೯೬ರಲ್ಲಿಯೇ ಅಂಥ ಗಡ್ಡೆಗಳನ್ನು ವರ್ಣಿಸಿದ್ದನು. ಲೋಳೆ ತುಂಬಿದ ಕೋಶಗಳು ಸಕ್ಕರೆಯನ್ನು ಕಡಿಮೆ ಹೀರುವುದರಿಂದ ಬಹು ಬೆಲೆಯ ಪೆಟ್ ಸ್ಕ್ಯಾನಿನಲ್ಲಿ ಸಹ ಇವು ಕೆಲವೊಮ್ಮೆ ಬೆಳಗುವುದಿಲ್ಲ. ಹಾಗಾಗಿ ಸಂಶಯವಿದ್ದಾಗ ಶಸ್ತ್ರವೈದ್ಯರು ಹೊಟ್ಟೆಗೆ ಸಣ್ಣ ರಂಧ್ರ ಮಾಡಿ ದುರ್ಬೀನಿನಿಂದ ನೇರವಾಗಿ ನೋಡುತ್ತಾರೆ. ರಕ್ತದಲ್ಲಿಯ ಸಿ.ಇ.ಎ. ಎಂಬ ಅಂಶದ ಪರೀಕ್ಷೆ ರೋಗವನ್ನು ಕಂಡುಹಿಡಿಯುವುದಕ್ಕಲ್ಲ, ಚಿಕಿತ್ಸೆಯ ಮುಂದಿನ ಗತಿಯನ್ನು ತಿಳಿಯುವುದಕ್ಕೆ ಉಪಯುಕ್ತ.

ಚಿಕಿತ್ಸೆಯ ಮುಖ್ಯ ಅಂಗ ಶಸ್ತ್ರಕ್ರಿಯೆ. ಕರುಳನ್ನು ಕೊಯ್ದು ಜೋಡಿಸುವ ವಿದ್ಯೆ ಭಾರತಕ್ಕೆ ಹೊಸದಲ್ಲ. ಹೊಟ್ಟೆಯನ್ನು ಸೀಳಿ, ಕರುಳಿನ ತಡೆಯನ್ನು ತೆಗೆದು, ಗಾಯದ ಅಂಚುಗಳನ್ನು ಕೂಡಿಸಿ ಕರಿಯ ಇರುವೆಗಳಿಂದ ಕಚ್ಚಿಸಿ, ಅವುಗಳ ಮುಂಡವನ್ನು ಕತ್ತರಿಸಿ ತಲೆಗಳನ್ನು ಹೊಲಿಗೆಯಂತೆ ಅಲ್ಲಿಯೇ ಬಿಡುವ ವಿಧಾನ ಸುಶ್ರುತನಲ್ಲಿದೆ. ಇಂದು ಹೊಲಿಗೆಯನ್ನು ಹಾಕುವ ಯಂತ್ರಗಳೇ ಇವೆ. ರೋಗದ ಭಾಗವನ್ನು ಎರಡೂ ಕಡೆ ಸಾಕಷ್ಟು ಅಂಚು ಬಿಟ್ಟು, ಅದಕ್ಕೆ ಸಂಬಂಧಿಸಿದ ದುಗ್ಧಗ್ರಂಥಿಗಳ ಸಮೇತ ತೆಗೆಯಬೇಕು. ಕನಿಷ್ಠ ೧೨ ಗ್ರಂಥಿಗಳನ್ನಾದರೂ ಪರೀಕ್ಷಿಸಿದರೇ ರೋಗದ ಹಂತ ಸರಿಯಾಗಿ ತಿಳಿಯುವುದೆಂಬುದು ಸರ್ವಮಾನ್ಯ ನಿಯಮ. ವರದಿಯಲ್ಲಿ ಈ ಸಂಖ್ಯೆ ಬರೆದಿರುತ್ತದೆ; ಓದು ಬಲ್ಲ ಬಂಧುಗಳು ಅದನ್ನು ನೋಡಬಹುದು. ಗುದನಾಳದ ರೋಗವಾದರೆ ಅನೇಕ ಸಲ ಶಸ್ತ್ರಕ್ರಿಯೆಗೆ ಮೊದಲೇ ವಿಕಿರಣವನ್ನೂ ಔಷಧವನ್ನೂ ಕೊಡುತ್ತಾರೆ.

ಔಷಧಚಿಕಿತ್ಸೆಗೆ, ಎಂದರೆ ಕಿಮೋಥೆರಪಿಗೆ, ಆಧಾರವಾಗಿರುವುದು ಹೈಡೆಲ್‌ಬರ್ಗರ್ ಮತ್ತು ಸಂಗಡಿಗರು ೧೯೫೭ರಲ್ಲಿ ಹೊರತಂದ ಫ್ಲೂರೊಯುರಾಸಿಲ್. ಗುಳಿಗೆಯ ರೂಪದಲ್ಲಿ ಅದರದೇ ಕಾರ್ಯ ಮಾಡುವುದು ಕೆಪ್‌ಸೈಟಬಿನ್. ಜೊತೆಗೆ ಪ್ಲಾಟಿನಂ ಧಾತುವಿನಿಂದಾದ ಆಕ್ಸಾಲಿಪ್ಲಾಟಿನ್. ಮೂರರಿಂದ ಆರು ತಿಂಗಳು ಇವನ್ನು ನಿಯತ ಅಂತರದಲ್ಲಿ ಕೊಡುತ್ತಾರೆ. ಈ ಔಷಧಗಳ ಒಂದು ಪರಿಣಾಮವನ್ನು ಗಜೇಂದ್ರಗಡದವರು ವಿಶೇಷವಾಗಿ ಅರಿತಿರಬೇಕು. ಆಕ್ಸಾಲಿಪ್ಲಾಟಿನ್‌ನಿಂದ ಬೆರಳ ತುದಿಗಳಲ್ಲಿ ಜೋಮು ಹಿಡಿಯುತ್ತದೆ. ತಣ್ಣೀರು ಮುಟ್ಟಿದರೆ ಮುಳ್ಳು ಚುಚ್ಚಿದಂತಾಗುತ್ತದೆ. ಒಟ್ಟು ಪ್ರಮಾಣ ಏರಿದಂತೆ ಜೋಮು ನಿಂತುಬಿಡುವ ಸಂಭವವೂ ಇದೆ. ಪಟ್ಟೆದಂಚಿನ ಸೀರೆಯ ಎಳೆಯನ್ನು ಬೆರಳಿನಿಂದಲೇ ಅರಿಯುವ ನೇಕಾರನಿಗೆ ಇದು ಜೀವನೋಪಾಯದ ಪ್ರಶ್ನೆ. ತನ್ನ ಕಾಯಕ ಯಾವುದೆಂದು ಅವನು ವೈದ್ಯರಿಗೆ ಮೊದಲೇ ತಿಳಿಸಿದರೆ, ಜೋಮು ಆರಂಭವಾದೊಡನೆ ಹೇಳಿದರೆ, ಅವರು ಪ್ರಮಾಣವನ್ನು ತಗ್ಗಿಸಬಲ್ಲರು, ಆ ಒಂದು ಔಷಧವನ್ನು ನಿಲ್ಲಿಸಬಲ್ಲರು. ಕೆಪ್‌ಸೈಟಬಿನ್ ಅಂಗೈ ಅಂಗಾಲುಗಳ ಚರ್ಮವನ್ನು ಕೆಂಪಗೆ ಮಾಡಿ ಸುಲಿಸುತ್ತದೆ. ಕೆಲವರಲ್ಲಿ ಬೆರಳಚ್ಚಿನ ಗೆರೆಗಳೇ ಅಳಿಸಿಹೋಗುತ್ತವೆ. ಪಡಿತರದ ಅಂಗಡಿಯ ಯಂತ್ರ ಹೆಬ್ಬೆಟ್ಟನ್ನು ಗುರುತಿಸದಿದ್ದಾಗ ರೋಗಿ ಗಾಬರಿಯಾಗಬಾರದು. ಅದು ಔಷಧದ ಗುಣ. ವೈದ್ಯರ ಪತ್ರವನ್ನು ಜೊತೆಯಲ್ಲಿಟ್ಟುಕೊಂಡರೆ ಅನುಕೂಲ.

ಉದರಾವರಣಕ್ಕೆ ಹಬ್ಬಿದ ರೋಗಕ್ಕೆ ಹೊಟ್ಟೆಯೊಳಗಿನ ಗಂಟುಗಳನ್ನೆಲ್ಲ ಹೆಕ್ಕಿ ತೆಗೆದು, ಬಿಸಿ ಮಾಡಿದ ಔಷಧದ್ರವವನ್ನು ಒಳಗೆ ಹರಿಸುವ ದೊಡ್ಡ ಶಸ್ತ್ರಕ್ರಿಯೆಯೊಂದಿದೆ. ಅಮೇರಿಕದ ಶುಗರ್‌ಬೇಕರ್ ಇದರ ಪ್ರವರ್ತಕರು. ಇದರ ಖ್ಯಾತಿ ದೊಡ್ಡದು, ವೆಚ್ಚವೂ ದೊಡ್ಡದು. ಆದರೆ ಫ್ರಾನ್ಸಿನಲ್ಲಿ ನಡೆದು ೨೦೨೧ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ಗಂಟುಗಳನ್ನು ಪೂರ್ತಿ ತೆಗೆದವರಲ್ಲಿ ಆಕ್ಸಾಲಿಪ್ಲಾಟಿನ್‌ನ ಬಿಸಿದ್ರವವನ್ನು ಹರಿಸಿದ್ದರಿಂದ ಆಯುಷ್ಯ ಹೆಚ್ಚಲಿಲ್ಲವೆಂದು ತಿಳಿಯಿತು. ಹೊಲ ಮಾರಿ ಹಣ ಹೊಂದಿಸಲು ಹೊರಡುವ ಮೊದಲು ಕುಟುಂಬದವರು ಮತ್ತೊಬ್ಬ ತಜ್ಞರ ಅಭಿಪ್ರಾಯ ಕೇಳುವುದು ವಿವೇಕ.

ಇನ್ನು ಕೆಲವರಿಗೆ ಶಸ್ತ್ರಕ್ರಿಯೆಯ ತರುವಾಯ ಕರುಳಿನ ತುದಿಯನ್ನು ಹೊಟ್ಟೆಯ ಮೇಲೆ ತೆರೆದು, ಅದಕ್ಕೆ ಚೀಲವನ್ನು ಅಂಟಿಸಿ ಮಲ ಅದರಲ್ಲಿ ಸಂಗ್ರಹವಾಗುವಂತೆ ಮಾಡಬೇಕಾಗುತ್ತದೆ. ಹಲವರಲ್ಲಿ ಇದು ಕೆಲವು ತಿಂಗಳ ಏರ್ಪಾಡು. ರೋಗ ಗುದದ್ವಾರದ ಸಮೀಪದಲ್ಲಿದ್ದವರಿಗೆ ಮಾತ್ರ ಶಾಶ್ವತ. ಕ್ಯಾನ್ಸರ್ ಎಂದಾಗ ಅಳುಕದ ಗಂಡಸರು ಈ ಚೀಲದ ಮಾತು ಬಂದೊಡನೆ ಶಸ್ತ್ರಕ್ರಿಯೆಯನ್ನೇ ಒಲ್ಲೆವೆನ್ನುವುದುಂಟು. ಅದರ ಹಿಂದಿರುವುದು ನೋವಿನ ಭಯವಲ್ಲ, ಮಡಿಮೈಲಿಗೆಯ ಭಯ. ಕೊರಳಲ್ಲಿ ಇಷ್ಟಲಿಂಗ, ಹೊಟ್ಟೆಯ ಮೇಲೆ ಮಲದ ಚೀಲ. ಪೂಜೆ ಹೇಗೆ ಮಾಡಲಿ, ಪಂಕ್ತಿಯಲ್ಲಿ ಹೇಗೆ ಕೂರಲಿ ಎಂಬ ಸಂಕಟ. ಈ ಪ್ರಶ್ನೆಗೆ ಆಸ್ಪತ್ರೆಗಿಂತ ಮಠ ಚೆನ್ನಾಗಿ ಉತ್ತರ ಹೇಳಬಲ್ಲುದು. ಜನನ, ಮರಣ, ರಜಸ್ಸು, ಎಂಜಲು, ಜಾತಿ ಎಂಬ ಐದು ಸೂತಕಗಳು ಲಿಂಗಧಾರಿಗೆ ಇಲ್ಲವೆಂದು ಹನ್ನೆರಡನೆಯ ಶತಮಾನದಲ್ಲಿಯೇ ಶರಣರು ತೀರ್ಮಾನ ಮಾಡಿದ್ದಾರೆ. ಹೆರಿಗೆಯ ಹಾಸಿಗೆಯಲ್ಲಿದ್ದ ತಾಯಿಗೆ ಬಾರದ ಸೂತಕ ಶಸ್ತ್ರವೈದ್ಯರು ಮಾಡಿದ ರಂಧ್ರದಿಂದ ಬರುವುದೆಂಬುದಕ್ಕೆ ಆಧಾರವಿಲ್ಲ. ಮಲ ಎಲ್ಲರ ಹೊಟ್ಟೆಯೊಳಗೂ ಇದೆ. ಇವರಲ್ಲಿ ಒಂದು ಗೇಣು ಈಚೆಗೆ ಬಂದಿದೆ, ಅಷ್ಟೆ. ಚೀಲ ಸೋರದಂತೆ ಅಂಟಿಸಿಕೊಳ್ಳುವುದನ್ನು ದಾದಿಯರು ಕಲಿಸುತ್ತಾರೆ. ಸ್ನಾನ, ಪೂಜೆ, ಹೊಲದ ಕೆಲಸ, ಪಾಠ ಹೇಳುವುದು ಎಲ್ಲವೂ ಸಾಧ್ಯ.

ಗಡ್ಡೆಯನ್ನು ತೆಗೆದ ಮೇಲೆ ಅದರ ಮೇಲೆ ಮಾಡಿಸಲೇಬೇಕಾದ ಮತ್ತೊಂದು ಪರೀಕ್ಷೆಯಿದೆ. ಕೋಶ ಇಮ್ಮಡಿಯಾಗುವಾಗ ವಂಶವಾಹಿಯ ನಕಲಿನಲ್ಲಿ ಬೀಳುವ ತಪ್ಪುಗಳನ್ನು ತಿದ್ದುವ ಕೆಲವು ಪ್ರೋಟೀನುಗಳಿವೆ. ಹಸ್ತಪ್ರತಿಯ ಲಿಪಿಕಾರನ ಹಿಂದೆ ಕುಳಿತ ತಿದ್ದುವ ಪಂಡಿತನಂತೆ ಇವುಗಳ ಕೆಲಸ. ತಿದ್ದುವವನು ಇಲ್ಲವಾದರೆ ತಪ್ಪುಗಳು ಕೂಡುತ್ತ ಹೋಗಿ ಕ್ಯಾನ್ಸರ್ ಹುಟ್ಟುತ್ತದೆ. ಮುದ್ರೆಯುಂಗುರದ ರೋಗಿಗಳಲ್ಲಿ ಒಂದು ಪಾಲಿನವರಿಗೆ ಕಾರಣ ಇದೇ. ಇದನ್ನು ತಿಳಿದರೆ ಎರಡು ಪ್ರಯೋಜನಗಳು. ಹಬ್ಬಿದ ರೋಗವಾಗಿದ್ದರೂ ದೇಹದ ರಕ್ಷಣಾಶಕ್ತಿಯನ್ನೇ ಎಚ್ಚರಿಸುವ ಪೆಂಬ್ರೊಲಿಝುಮಾಬ್‌ನಂಥ ಔಷಧಗಳು ಇಂಥವರಲ್ಲಿ ಆಶ್ಚರ್ಯಕರ ಫಲ ಕೊಟ್ಟಿವೆ. ಅಮೇರಿಕದಲ್ಲಿ ೨೦೧೭ರಲ್ಲಿ ಅದಕ್ಕೆ ಮನ್ನಣೆ ದೊರೆಯಿತು. ಬೆಲೆ ಮಾತ್ರ ಸಾಮಾನ್ಯರ ಕೈಗೆ ನಿಲುಕದು.

ಎರಡನೆಯ ಪ್ರಯೋಜನ ಮನೆತನಕ್ಕೆ ಸಂಬಂಧಿಸಿದ್ದು. ೧೮೯೫ರಲ್ಲಿ ಅಮೇರಿಕದ ಮಿಶಿಗನ್ನಿನ ವೈದ್ಯ ವಾರ್ಥಿನ್‌ನಿಗೆ ಆತನ ಪರಿಚಯದ ಬಟ್ಟೆ ಹೊಲಿಯುವ ಹೆಣ್ಣುಮಗಳೊಬ್ಬಳು, ತನ್ನ ಮನೆತನದವರೆಲ್ಲ ಕರುಳಿನ, ಗರ್ಭಕೋಶದ ಕ್ಯಾನ್ಸರಿನಿಂದ ಸತ್ತಿರುವರೆಂದೂ ತಾನೂ ಹಾಗೆಯೇ ಸಾಯುವೆನೆಂದೂ ಹೇಳಿದಳು. ಅವಳ ಮಾತು ನಿಜವಾಯಿತು. ವಾರ್ಥಿನ್ ಆ ಮನೆತನದ ವಂಶವೃಕ್ಷವನ್ನು ಬರೆದು ೧೯೧೩ರಲ್ಲಿ ಪ್ರಕಟಿಸಿದನು. ಹೆನ್ರಿ ಲಿಂಚ್ ಎಂಬ ವೈದ್ಯರು ಆ ಕೆಲಸವನ್ನು ಮುಂದುವರಿಸಿದ್ದರಿಂದ ಅದಕ್ಕೆ ಲಿಂಚ್ ಲಕ್ಷಣಕೂಟವೆಂಬ ಹೆಸರಾಯಿತು. ದೋಷದ ಮೊದಲ ವಂಶವಾಹಿ ಸಿಕ್ಕಿದ್ದು ೧೯೯೩ರಲ್ಲಿ. ತಂದೆ ಅಥವಾ ತಾಯಿಯಲ್ಲಿ ದೋಷವಿದ್ದರೆ ಪ್ರತಿ ಮಗುವಿಗೂ ಅದು ಬರುವ ಸಂಭವ ಅರ್ಧಕ್ಕರ್ಧ. ಸೋದರಮಾವನಿಗೆ, ಅತ್ತೆಯ ಮಗನಿಗೆ ಹೆಣ್ಣು ಕೊಡುವ ಈ ನಾಡಿನಲ್ಲಿ ಎರಡೂ ಕಡೆಯಿಂದ ಅದೇ ದೋಷ ಕೂಡಿದರೆ ಮಕ್ಕಳಿಗೆ ಬಾಲ್ಯದಲ್ಲಿಯೇ ಕ್ಯಾನ್ಸರ್ ಬರಬಹುದು. ಅದು ಬಹು ಅಪರೂಪ, ಆದರೂ ಸಂಬಂಧ ಮಾಡುವ ಹಿರಿಯರು ತಿಳಿದಿರುವುದು ಒಳ್ಳೆಯದು.

ಈ ಮೂರು ತಾಲೂಕುಗಳವರಿಗೆ ಪರೀಕ್ಷೆ, ಚಿಕಿತ್ಸೆಗಳ ಸ್ಥಳ ಇಂದು ಮೊದಲಿನಷ್ಟು ದೂರವಿಲ್ಲ. ಗದುಗಿನಲ್ಲಿ ೨೦೧೫ರಿಂದ ಸರಕಾರಿ ವೈದ್ಯಕೀಯ ಕಾಲೇಜು ನಡೆದಿದೆ. ಹುಬ್ಬಳ್ಳಿಯ ಸರಕಾರಿ ವೈದ್ಯಕೀಯ ಕಾಲೇಜು ೧೯೫೭ರಷ್ಟು ಹಳೆಯದು. ಅದೇ ಊರಿನ ನವನಗರದಲ್ಲಿ ಕ್ಯಾನ್ಸರಿಗೆಂದೇ ಮೀಸಲಾದ ಕರ್ನಾಟಕ ಕ್ಯಾನ್ಸರ್ ಚಿಕಿತ್ಸಾ ಮತ್ತು ಸಂಶೋಧನಾ ಸಂಸ್ಥೆಯಿದೆ. ಬೆಂಗಳೂರಿನ ಕಿದ್ವಾಯಿ ಸ್ಮಾರಕ ಸಂಸ್ಥೆ ೧೯೭೩ರಲ್ಲಿ ಆರಂಭವಾಗಿ ೧೯೮೦ರಲ್ಲಿ ಪ್ರಾದೇಶಿಕ ಕ್ಯಾನ್ಸರ್ ಕೇಂದ್ರವಾಯಿತು. ಬಿ.ಪಿ.ಎಲ್. ಕಾರ್ಡಿನ ಕುಟುಂಬಕ್ಕೆ ಆಯುಷ್ಮಾನ್ ಭಾರತ–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ವರ್ಷಕ್ಕೆ ೫ ಲಕ್ಷ ರೂಪಾಯಿಗಳವರೆಗೆ ನೆರವುಂಟು. ತುರ್ತು ಪ್ರಸಂಗವಲ್ಲದಿದ್ದರೆ ಸರಕಾರಿ ಆಸ್ಪತ್ರೆಯ ಶಿಫಾರಸು ಪತ್ರ ಬೇಕಾಗುವುದರಿಂದ ತಾಲೂಕಿನ ಆಸ್ಪತ್ರೆಯಿಂದಲೇ ಹೊರಡುವುದು ಲೇಸು. ಯೋಜನೆಗೆ ಸೇರದ ಖರ್ಚು ಬೇರೆಯೇ ಇದೆ: ಎರಡು ಮೂರು ವಾರಕ್ಕೊಮ್ಮೆ ಬಸ್ಸಿನ ಪ್ರಯಾಣ, ಜೊತೆಯವರ ವಸತಿ, ಆ ದಿನಗಳ ಕೂಲಿನಷ್ಟ. ಎರಡನೆಯ, ಮೂರನೆಯ ಸರದಿಗೆ ಚಿಕಿತ್ಸೆಯನ್ನು ಬಿಟ್ಟುಬಿಡುವವರು ಬಿಡುವುದು ಬಹುಮಟ್ಟಿಗೆ ಈ ಸಣ್ಣ ಖರ್ಚುಗಳಿಗಾಗಿ. ದಾಸೋಹದ ಹಣ ಎಲ್ಲಿ ಸಲ್ಲಬೇಕೆಂದು ಯೋಚಿಸುವ ದಾನಿಗಳು ಇತ್ತಲೂ ಒಮ್ಮೆ ನೋಡಬಹುದು.

ದೇಶದ ತಪಾಸಣಾ ಕಾರ್ಯಕ್ರಮ ಬಾಯಿ, ಸ್ತನ, ಗರ್ಭಕೊರಳು ಈ ಮೂರರ ಕ್ಯಾನ್ಸರುಗಳನ್ನು ಹುಡುಕುತ್ತದೆ. ಕರುಳಿನದು ಅದರಲ್ಲಿ ಸೇರಿಲ್ಲ. ಆದ್ದರಿಂದ ಇಲ್ಲಿ ಲಕ್ಷಣವನ್ನು ಮೊದಲು ಗುರುತಿಸಬೇಕಾದವರು ಮನೆಯವರೇ, ಕೆಲವೊಮ್ಮೆ ಶಾಲೆಯ ಸಹೋದ್ಯೋಗಿಗಳೇ. ಮೂರು ವಾರಕ್ಕೂ ಮಿಕ್ಕಿ ರಕ್ತ ಬೀಳುತ್ತಿದ್ದರೆ, ಶೌಚದ ಅಭ್ಯಾಸ ಕಾರಣವಿಲ್ಲದೆ ಬದಲಾಗಿದ್ದರೆ, ರಕ್ತಹೀನತೆ ಔಷಧಕ್ಕೆ ಬಗ್ಗದಿದ್ದರೆ, ತೂಕ ತಾನಾಗಿ ಇಳಿಯುತ್ತಿದ್ದರೆ ವಯಸ್ಸನ್ನು ನೋಡದೆ ಬೆರಳಿನ ಪರೀಕ್ಷೆಯನ್ನೂ ಕೊಲೊನೊಸ್ಕೋಪಿಯನ್ನೂ ಕೇಳಿ ಮಾಡಿಸಿಕೊಳ್ಳಬೇಕು. ಮೂಲವ್ಯಾಧಿ ನಿಜವಾಗಿಯೂ ಇದ್ದವನಿಗೆ ಅದರ ಮೇಲೆ ಕ್ಯಾನ್ಸರೂ ಇರಬಹುದೆಂಬುದನ್ನು ಮರೆಯಲಾಗದು. ಚಿಕಿತ್ಸೆ ಮುಗಿದವರು ಮೊದಲ ಎರಡು ವರ್ಷ ಮೂರರಿಂದ ಆರು ತಿಂಗಳಿಗೊಮ್ಮೆ, ಆಮೇಲೆ ಐದು ವರ್ಷ ತುಂಬುವವರೆಗೆ ಆರು ತಿಂಗಳಿಗೊಮ್ಮೆ ವೈದ್ಯರನ್ನು ಕಾಣಬೇಕು. ಶಸ್ತ್ರಕ್ರಿಯೆಯಾದ ಒಂದು ವರ್ಷಕ್ಕೆ ಕೊಲೊನೊಸ್ಕೋಪಿಯನ್ನು ಮತ್ತೆ ಮಾಡಿಸಬೇಕು. ಲಿಂಚ್ ದೋಷ ಸಿದ್ಧವಾದ ಮನೆತನದಲ್ಲಿ ಅದನ್ನು ಹೊತ್ತಿರುವ ಅಣ್ಣತಮ್ಮಂದಿರು, ಅಕ್ಕತಂಗಿಯರು, ಮಕ್ಕಳು ಇಪ್ಪತ್ತರಿಂದ ಇಪ್ಪತ್ತೈದರ ವಯಸ್ಸಿನಿಂದಲೇ ವರ್ಷಕ್ಕೋ ಎರಡು ವರ್ಷಕ್ಕೋ ಒಮ್ಮೆ ಈ ಪರೀಕ್ಷೆಗೆ ಹೋಗತಕ್ಕದ್ದು. ಅಂಥವರ ಕರುಳಿನಲ್ಲಿ ಕಂಡ ಮೊಳಕೆಯನ್ನು ನಳಿಕೆಯ ಮೂಲಕವೇ ಅದೇ ದಿನ ಕಿತ್ತುಹಾಕಿ ಸಂಜೆಗೆ ಮನೆಗೆ ಕಳುಹಿಸಬಹುದು.